ಮೇಲಿನಿಂದ ಕಂಡ ಬೇಟೆಯ ನೆಲ: ನೀಲಗಿರಿಯ ನಕ್ಷೆಗಳೂ ಬಡಗ ಹೆಸರುಗಳೂ

ಉದಕಮಂಡಲವನ್ನು ಸುತ್ತುವರಿದ ಎತ್ತರಗಳಲ್ಲಿ ದೊಡ್ಡಬೆಟ್ಟ, ಸ್ನೋಡನ್, ಎಲ್ಕ್ ಹಿಲ್ ಎಂಬ ಮೂರು ಹೆಸರುಗಳು ಭೂಮಾಪನ ನಕ್ಷೆಯ ಒಂದೇ ಹಾಳೆಯಲ್ಲಿ ನೆರೆಹೊರೆಯಾಗಿ ನಿಂತಿವೆ. ಮೊದಲನೆಯದಕ್ಕೆ ಈ ಪತ್ರಿಕೆಯ ಓದುಗರಿಗೆ ಅರ್ಥ ಹೇಳಬೇಕಾಗಿಲ್ಲ. ಎರಡನೆಯದು ವೇಲ್ಸ್ ನಾಡಿನ ಶಿಖರವೊಂದರ ಹೆಸರು. ಮನೆಯ ನೆನಪಿನಿಂದ ತಂದು ಇಲ್ಲಿ ಅಂಟಿಸಿದ್ದು. ವಿಚಿತ್ರವಾದುದು ಮೂರನೆಯದು. ಎಲ್ಕ್ ಎಂಬುದು ಯುರೋಪಿನ ಉತ್ತರದ ಹಿಮಕಾಡುಗಳ ಪ್ರಾಣಿ. ದಕ್ಷಿಣ ಭಾರತದ ನೆಲವನ್ನು ಅದು ಎಂದೂ ತುಳಿದಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿಗೂ ಸಿಂಹಳಕ್ಕೂ ಬಂದ ಇಂಗ್ಲಿಷ್ ಬೇಟೆಗಾರರು ನಮ್ಮ ಕಡವೆಯನ್ನು ಎಲ್ಕ್ ಎಂದೇ ಕರೆದರು. ಕಡವೆ ಸಿಗುವ ಬೆಟ್ಟ ಹಾಗೆ ಎಲ್ಕ್ ಹಿಲ್ ಆಯಿತು. ಇಂದು ಅಲ್ಲಿ ಮುರುಗನ ಗುಡಿಯಿದೆ. ಭಕ್ತರು ಹತ್ತುವ ಬೆಟ್ಟದ ಹೆಸರು ಮಾತ್ರ ಬೇಟೆಗಾರನ ತಪ್ಪುನೋಟದ್ದಾಗಿಯೇ ಉಳಿದಿದೆ.

ಬೇಟೆಗಾರನೂ ಭೂಮಾಪಕನೂ ಒಂದೇ ನೆಲವನ್ನು ಒಂದೇ ಎತ್ತರದಿಂದ ನೋಡತೊಡಗಿದಾಗ ಆ ನೆಲದ ಹೆಸರುಗಳಿಗೆ ಏನಾಯಿತು ಎಂಬುದು ಈ ಲೇಖನದ ಪ್ರಶ್ನೆ. ನೀಲಗಿರಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಅಲ್ಲಿನ ನಕ್ಷೆಗಳಲ್ಲಿ ಬೆಟ್ಟ, ಹಟ್ಟಿ, ಹಳ್ಳ, ಹಳ್ಳಿಗಳು ಎಷ್ಟು ದಟ್ಟವಾಗಿವೆಯೆಂದರೆ, ಕನ್ನಡ ಸಂಶೋಧಕನಿಗೆ ಅದನ್ನು ಕನ್ನಡದ ನೆಲವೆಂದು ಘೋಷಿಸುವ ಆಸೆ ಹುಟ್ಟುವುದು ಸಹಜ. ಆ ಆಸೆ ನನಗೂ ಹುಟ್ಟಿತ್ತು. ನಕ್ಷೆಗಳನ್ನು ಬೇಟೆಯ ಪುಸ್ತಕಗಳ ಜೊತೆಗಿಟ್ಟು ಓದಿದ ಮೇಲೆ ಅದು ಬಹುಮಟ್ಟಿಗೆ ಕರಗಿತು.

ಇಂದಿನ ಒಂದು ರೂಢಿಯಿಂದ ಆರಂಭಿಸುವುದು ಅನುಕೂಲ. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವವರು ಋತು ಆರಂಭವಾಗುವ ಎಷ್ಟೋ ಮೊದಲು ವೈಮಾನಿಕ ನಕ್ಷೆಗಳನ್ನು ಹರಡಿಕೊಂಡು ಕೂರುತ್ತಾರೆ. ಅವರು ಜಿಂಕೆಯನ್ನು ಹುಡುಕುವುದಿಲ್ಲ, ಅಂಚುಗಳನ್ನು ಹುಡುಕುತ್ತಾರೆ. ಕಾಡು ಮುಗಿದು ಹೊಲ ಆರಂಭವಾಗುವ ಗೆರೆ, ಎರಡು ದಿಣ್ಣೆಗಳ ನಡುವಿನ ತಡಿಯಂಥ ತಗ್ಗು, ಎರಡು ತೋಪುಗಳನ್ನು ಬೆಸೆಯುವ ಕಿರಿದಾದ ಮರಗಳ ಸಾಲು, ತೊರೆ ಆಳವಿಲ್ಲದೆ ಹರಿಯುವ ಜಾಗ. ಪ್ರಾಣಿ ಹಾದುಹೋಗಲೇಬೇಕಾದ ಇಕ್ಕಟ್ಟುಗಳು ನೆಲದ ಮೇಲೆ ನಿಂತವನಿಗಿಂತ ಮೇಲಿನಿಂದ ನೋಡುವವನಿಗೆ ಬೇಗ ಗೋಚರಿಸುತ್ತವೆ. 1930ರ ದಶಕದಲ್ಲಿ ಅಲ್ಲಿನ ಕೃಷಿ ಇಲಾಖೆ ಹೊಲಗಳ ಅಳತೆಗೆಂದು ವಿಮಾನದಿಂದ ಚಿತ್ರ ತೆಗೆಸಲಾರಂಭಿಸಿತು. 2005ರಲ್ಲಿ ಗೂಗಲ್ ಅರ್ಥ್ ಬಂದ ಮೇಲೆ ಈ ನೋಟ ಯಾರ ಮೇಜಿನ ಮೇಲಾದರೂ ಸಿಗುವಂತಾಯಿತು. ಉಪಕರಣ ಹೊಸದು, ಓದುವ ಕ್ರಮ ಹೊಸದಲ್ಲ. ಅದರ ಹಳೆಯ ರೂಪ, ವಿಮಾನವೇ ಇಲ್ಲದ ಕಾಲದಲ್ಲಿ, ನೀಲಗಿರಿಯಲ್ಲಿ ಕಾಣಸಿಗುತ್ತದೆ.

ನೀಲಗಿರಿಯ ಮೇಲ್ಮಟ್ಟದ ಭೂರಚನೆ ಅಂಥ ಓದಿಗೆ ಹೇಳಿ ಮಾಡಿಸಿದಂತಿತ್ತು. ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರದಲ್ಲಿ ಉರುಳುರುಳಾದ ಹುಲ್ಲುಗುಡ್ಡಗಳು. ಗುಡ್ಡಗಳ ಮಡಿಲಲ್ಲಿ, ನೀರು ಹರಿಯುವ ಕಡೆಗಳಲ್ಲಿ ಮಾತ್ರ, ಕತ್ತರಿಸಿಟ್ಟಂತೆ ನಿಂತ ಗಿಡ್ಡ ಮರಗಳ ದಟ್ಟ ಕಾಡು. ಕನ್ನಡದಲ್ಲಿ ನಾವೀಗ ಅದನ್ನು ಶೋಲಾ ಎಂದೇ ಬರೆಯುತ್ತೇವೆ. ತಮಿಳಿನ ಸೋಲೈ ಇಂಗ್ಲಿಷಿನ ಬಾಯಲ್ಲಿ ಶೋಲಾ ಆಗಿ ನಮಗೆ ತಿರುಗಿ ಬಂದದ್ದು. ಕಡವೆ ಹಗಲೆಲ್ಲ ಶೋಲಾದೊಳಗೆ ಮಲಗಿ, ಮುಂಜಾನೆ ಮತ್ತು ಇಳಿಹೊತ್ತಿನಲ್ಲಿ ಹುಲ್ಲಿಗೆ ಬರುತ್ತದೆ. ಹುಲ್ಲು ಮತ್ತು ಮರದ ನಡುವಿನ ಆ ಚೂಪಾದ ಗಡಿಯೇ ಬೇಟೆಯ ಗೆರೆ. ಎತ್ತರದ ದಿಣ್ಣೆಯೊಂದರ ಮೇಲೆ ದೂರದರ್ಶಕ ಹಿಡಿದು ಕುಳಿತವನಿಗೆ ಹತ್ತಾರು ಶೋಲಾಗಳ ಅಂಚು ಒಂದೇ ನೋಟಕ್ಕೆ ದಕ್ಕುತ್ತಿತ್ತು. ಸಮತಟ್ಟಾದ ಬಯಲುಸೀಮೆಯ ಕಾಡಿನಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಹೆಜ್ಜೆ, ಲದ್ದಿ, ಮುರಿದ ಕಡ್ಡಿಗಳನ್ನು ಓದಬಲ್ಲವನೇ ಬೇಟೆಗಾರ.

ನೀಲಗಿರಿ ಥಾರ್ ಬೇಟೆಯಲ್ಲಿ ಈ ಮೇಲುನೋಟ ಇನ್ನೂ ಅನಿವಾರ್ಯ. ತಮಿಳರು ವರೈಯಾಡು ಎನ್ನುವ ಈ ಬೆಟ್ಟದ ಮೇಕೆ ಕುಂದಾ ಶ್ರೇಣಿಯ ಪಶ್ಚಿಮದ ಪ್ರಪಾತಗಳಲ್ಲಿ ಮೇಯುತ್ತದೆ. ಅದಕ್ಕೆ ಅಪಾಯದ ನಿರೀಕ್ಷೆ ಕೆಳಗಿನಿಂದ. ಕಾವಲು ನಿಂತ ಆಡಿನ ಕಣ್ಣು ಇಳಿಜಾರಿನ ತಳದ ಮೇಲಿರುತ್ತದೆ. ಆದುದರಿಂದ ಬೇಟೆಗಾರ ಸುತ್ತುದಾರಿ ಹಿಡಿದು ಪ್ರಾಣಿಗಿಂತ ಎತ್ತರಕ್ಕೇರಿ, ಮೇಲಿನಿಂದ ಇಳಿಯಬೇಕು. ಸುತ್ತುದಾರಿ ಯಾವುದು, ನಡುವೆ ಯಾವ ಕೊರಕಲು ಬಾಯ್ತೆರೆದಿದೆ, ಮಂಜು ಕವಿದರೆ ಯಾವ ಏಣು ಹಿಡಿದು ಹಿಂದಿರುಗುವುದು, ಇವೆಲ್ಲ ಮೊದಲೇ ತಿಳಿದಿರಬೇಕು. ಇಲ್ಲಿಯೇ ನಕ್ಷೆಯ ಪ್ರವೇಶ.

ಆ ನಕ್ಷೆಗಳು ಬೇಟೆಗಾಗಿ ಆದವಲ್ಲ. 1799ರಲ್ಲಿ ಟಿಪ್ಪುವಿನ ಪತನದ ನಂತರ ಮೈಸೂರಿನ ಅಧೀನದಲ್ಲಿದ್ದ ನೀಲಗಿರಿ ಕಂಪನಿ ಸರ್ಕಾರಕ್ಕೆ ಸೇರಿತು. 1812ರಲ್ಲಿ ವಿಲಿಯಂ ಕೀಸ್ ಎಂಬ ಕಂದಾಯ ಭೂಮಾಪಕ, ಮ್ಯಾಕ್‌ಮಹನ್ ಎಂಬ ಸಹಾಯಕನೊಡನೆ ಬೆಟ್ಟ ಹತ್ತಿದ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬಂದ. ಅವನ ಬೆನ್ನಿಗೇ, 1821–22ರಲ್ಲಿ, ಕ್ಯಾಪ್ಟನ್ ಬಿ. ಎಸ್. ವಾರ್ಡ್‌ನ ಕ್ರಮಬದ್ಧ ಭೂಮಾಪನ ನಡೆಯಿತು. ತಿರುವಾಂಕೂರು ಮತ್ತು ಕೊಚ್ಚಿಗಳನ್ನು ಕಾನರ್‌ನೊಡನೆ ಅಳೆದು ಬಂದಿದ್ದವನು ಇದೇ ವಾರ್ಡ್. ಆಮೇಲೆ 1847ರಲ್ಲಿ ಕ್ಯಾಪ್ಟನ್ ಜಾನ್ ಆಕ್ಟರ್‌ಲೋನಿಯ ಅಳತೆ; ಅದರ ವರದಿ ಮರುವರ್ಷ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕಂದಾಯ, ಸೇನೆಯ ಆರೋಗ್ಯಧಾಮ, ಕಾಫಿ ತೋಟ, ಇವು ಆ ಅಳತೆಗಳ ಹಿಂದಿನ ಪ್ರೇರಣೆಗಳು. ಆದರೆ ಬೆಟ್ಟದ ಮೇಲೆ ನೆಲೆಸಿದ ಅಧಿಕಾರಿಗೆ ಬಿಡುವಿನ ದಿನದ ಮುಖ್ಯ ವಿನೋದ ಬೇಟೆಯಾಗಿದ್ದುದರಿಂದ, ಕಂದಾಯದ ನಕ್ಷೆ ಬೇಟೆಯ ನಕ್ಷೆಯಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಎರಡೂ ಕೆಲಸ ಒಬ್ಬನೇ ಮಾಡಿದ ಉದಾಹರಣೆಯೂ ಇದೆ. ಮದರಾಸು ಸೈನ್ಯದ ಡಗ್ಲಸ್ ಹ್ಯಾಮಿಲ್ಟನ್ ಪಳನಿ, ಆನೆಮಲೈ, ಶೆವರಾಯ್ ಬೆಟ್ಟಗಳ ವಿಸ್ತಾರವಾದ ನೋಟಚಿತ್ರಗಳನ್ನು ಸರ್ಕಾರಕ್ಕಾಗಿ ಬರೆದುಕೊಟ್ಟವನು. 1862ರಲ್ಲಿ ಆನೆಮುಡಿ ಶಿಖರವನ್ನೇರಿದವನು. ಅವನ ಬೇಟೆಯ ದಾಖಲೆಗಳು 1892ರಲ್ಲಿ ಪುಸ್ತಕವಾಗಿ ಬಂದವು. ಎತ್ತರದಿಂದ ಕೆಳಗಿನ ಮಡಿಕೆಗಳನ್ನು ನಿಧಾನವಾಗಿ ಬಿಡಿಸುವ ಚಿತ್ರಕಾರನ ಕಣ್ಣು ಮತ್ತು ಅದೇ ಮಡಿಕೆಗಳಲ್ಲಿ ಕಂದುಬಣ್ಣದ ಚಲನೆಯನ್ನರಸುವ ಬೇಟೆಗಾರನ ಕಣ್ಣು ಅವನಲ್ಲಿ ಬೇರೆಬೇರೆಯಾಗಿರಲಿಲ್ಲ. ಬೇಟೆ ಸಾಹಿತ್ಯವನ್ನು ಕೇವಲ ಕ್ರೌರ್ಯದ ಅಥವಾ ಸಾಹಸದ ಬರಹವೆಂದು ಬದಿಗಿಡುವ ನಮ್ಮ ವಿಮರ್ಶೆ ಈ ಅಂಶವನ್ನು ಗಮನಿಸಿಲ್ಲ. ಅದು ಬಹುಮಟ್ಟಿಗೆ ಸ್ಥಳವರ್ಣನೆಯ ಸಾಹಿತ್ಯ. 1911ರ ಎಫ್. ಡಬ್ಲ್ಯು. ಎಫ್. ಫ್ಲೆಚರ್‌ನ ನೀಲಗಿರಿ ಮತ್ತು ವಯನಾಡಿನ ಬೇಟೆಯ ಪುಸ್ತಕವೂ ಆ ಸಾಲಿನದೇ.

ಈಗ ಹೆಸರುಗಳ ವಿಷಯಕ್ಕೆ ಬರೋಣ. ಪ್ರಾಣಿಗಳ ಹೆಸರುಗಳಿಂದಲೇ ತೊಡಗಬಹುದು, ಏಕೆಂದರೆ ಅಲ್ಲಿ ಭಾಷಾಂತರದ ಮೂರು ಬಗೆಗಳು ಒಟ್ಟಿಗೆ ಕಾಣುತ್ತವೆ. ಕಡವೆಗೆ ಎಲ್ಕ್ ಎಂದದ್ದೂ, ಬೆಟ್ಟದ ಮೇಕೆಗೆ ಐಬೆಕ್ಸ್ ಎಂದದ್ದೂ ಹೊರಗಿನಿಂದ ತಂದ ಹೆಸರುಗಳು. ಐಬೆಕ್ಸ್ ಆಲ್ಪ್ಸ್ ಪರ್ವತದ ಪ್ರಾಣಿ. ಸಾಂಬಾರ್ ಎಂಬುದು ಹಿಂದುಸ್ತಾನಿಯಿಂದ ಎತ್ತಿಕೊಂಡು ಇಡೀ ದೇಶಕ್ಕೆ ಹರಡಿದ್ದು. ಆದರೆ ಬೊಗಳುವ ಜಿಂಕೆಯನ್ನು ನೀಲಗಿರಿಯ ಇಂಗ್ಲಿಷರು ಜಂಗಲ್ ಶೀಪ್ ಎಂದರು. ಕುರಿಗೂ ಅದಕ್ಕೂ ರೂಪಸಾಮ್ಯವಿಲ್ಲ. ಇಂಗ್ಲಿಷಿನವನೊಬ್ಬ ಅದನ್ನು ನೋಡಿ ತಾನಾಗಿಯೇ ಕುರಿ ಎನ್ನುವ ಸಂಭವ ಕಡಿಮೆ. ನಮ್ಮಲ್ಲಿ ಅದಕ್ಕೆ ಕಾಡುಕುರಿ ಎಂಬ ಹೆಸರಿದೆ. ಜಂಗಲ್ ಶೀಪ್ ಅದರ ಪದಶಃ ಅನುವಾದವೆಂದೇ ನಾನು ಓದುತ್ತೇನೆ. ತಮಿಳಿನ ಕಾಟ್ಟು ಆಡು ಕೂಡ ಹತ್ತಿರದ ರೂಪವೇ; ಆದರೆ ಆಡು ಎಂಬಲ್ಲಿ ಮೇಕೆಯೂ ಸೇರುತ್ತದೆ, ಕುರಿ ಎಂಬ ನಿರ್ದಿಷ್ಟತೆ ಕನ್ನಡದ ಕಡೆಗೆ ವಾಲುತ್ತದೆ. ಕೋವಿ ಹಿಡಿದವನ ಪಕ್ಕದಲ್ಲಿ ನಿಂತು, ಬೆರಳು ತೋರಿಸಿ ಹೆಸರು ಹೇಳಿದವನೊಬ್ಬನಿದ್ದ. ಅವನ ಮಾತು ಇಂಗ್ಲಿಷಿನೊಳಗೆ ಮುಖ ಮರೆಸಿಕೊಂಡು ಉಳಿದಿದೆ.

ಸ್ಥಳನಾಮಗಳಲ್ಲಿ ಈ ಬೆರಳು ತೋರಿಸಿದವನ ಪಾತ್ರ ಇನ್ನೂ ಸ್ಪಷ್ಟ. ದೊಡ್ಡಬೆಟ್ಟ, ಕೋಲಾರಿಬೆಟ್ಟ, ಹುಲಿಕಲ್ ದುರ್ಗ, ಕಲ್ಲಹಟ್ಟಿ, ಯೆಲ್ಲನಹಳ್ಳಿ, ಸೀಗೂರು ಇಳಿದರೆ ಮಾವನಹಳ್ಳ, ಮಸಿನಗುಡಿ. ಬಡಗರು ತಮ್ಮ ಸೀಮೆಯನ್ನು ನಾಕುಬೆಟ್ಟ ಎನ್ನುತ್ತಾರೆ. ತೊದನಾಡು, ಪೊರಂಗಾಡು, ಮೇಕುನಾಡು, ಕುಂದೆ ಎಂಬ ನಾಲ್ಕು ಸೀಮೆಗಳ ವಿಭಜನೆ ಆರಂಭದ ಭೂಮಾಪನ ವರದಿಗಳಲ್ಲಿಯೇ ಸೇರಿಕೊಂಡಿತು. ತೋಡರ ನೆಲೆಗಳನ್ನು ಇಂಗ್ಲಿಷ್ ನಕ್ಷೆಗಳು ಮುಂಡ್ ಎನ್ನುತ್ತವೆ. ಉದಕಮಂಡಲದ ಇಂಗ್ಲಿಷ್ ರೂಪದ ಕೊನೆಯ ಪದವೂ ಅದೇ. ತೋಡ ನುಡಿಯಲ್ಲಿ ಆ ಪದದ ರೂಪ ಬೇರೆ. ನಕ್ಷೆಗೆ ಸೇರಿದ್ದು ಬಡಗರ ಬಾಯಿಯ ಮಂದು. ನಮ್ಮ ಮಂದೆಯ ಬಂಧು.

ಇದನ್ನು ಊಹೆಯೆಂದು ತಳ್ಳಿಹಾಕುವಂತಿಲ್ಲ. ಡಬ್ಲ್ಯು. ಎಚ್. ಆರ್. ರಿವರ್ಸ್ 1906ರಲ್ಲಿ ಪ್ರಕಟಿಸಿದ ತೋಡರ ಕುರಿತ ಬೃಹದ್ಗ್ರಂಥದಲ್ಲಿ, ಒಂದೊಂದು ನೆಲೆಗೂ ಎರಡು ಹೆಸರುಗಳಿರುವುದು ಮತ್ತೆ ಮತ್ತೆ ದಾಖಲಾಗಿದೆ: ತೋಡರು ತಮ್ಮೊಳಗೆ ಬಳಸುವ ಹೆಸರು, ಬಡಗರು ಬಳಸುವ ಹೆಸರು. ತೋಡರಿಗೆ ನೋಡ್ರ್ಸ್ ಆಗಿರುವ ಪವಿತ್ರ ನೆಲೆ ಹೊರಗಿನವರಿಗೆ ಮುತ್ತನಾಡುಮಂದು. ಹೊರಜಗತ್ತಿಗೆ ಪರಿಚಯವಾದದ್ದು ಈ ಎರಡನೆಯ ಹೆಸರು. ಮರ್ರೆ ಎಮೆನೋ 1930ರ ದಶಕದಲ್ಲಿ ನೀಲಗಿರಿಯಲ್ಲಿ ನಡೆಸಿದ ಕ್ಷೇತ್ರಕಾರ್ಯದಿಂದ ತೋಡರ ಹಾಡುಗಳ ಭಾರಿ ಸಂಕಲನ ಹೊರಬಂದಿತು. ಅದನ್ನು ಬಗೆದು ನೋಡಿದವರಿಗೆ ಆ ಹಾಡುಗಳೊಳಗಿನ ಸ್ಥಳನಾಮಗಳ ಸಾಂದ್ರತೆ ತಿಳಿದಿದೆ. ಒಂದು ಹುಲ್ಲುಗುಡ್ಡ, ಒಂದು ನೀರಿನ ಸೆಲೆ, ಎಮ್ಮೆ ಹಾದುಹೋಗುವ ಒಂದು ದಾರಿ, ಎಲ್ಲಕ್ಕೂ ಹೆಸರು. ಹೆಸರುಗಳು ಜೋಡಿಯಾಗಿ ಬರುತ್ತವೆ. ಅವುಗಳಲ್ಲಿ ನಕ್ಷೆಗೆ ಬಂದವು ಬೆರಳೆಣಿಕೆಯಷ್ಟು. ಕೋಟರ ಹೆಸರುಗಳು, ಕುರುಂಬರ ಹೆಸರುಗಳು ಅಷ್ಟೂ ಬರಲಿಲ್ಲ. ಬೇಟೆಯ ಪುಸ್ತಕಗಳಲ್ಲಿ ಹೆಜ್ಜೆಗುರುತು ಹಿಡಿಯುವವನು ಬಹುಮಟ್ಟಿಗೆ ಕುರುಂಬ. ಕಾಡಿನ ಜ್ಞಾನಕ್ಕೆ ಅವನನ್ನು ಹೊಗಳದ ಲೇಖಕನಿಲ್ಲ. ಆದರೆ ಅದೇ ಪುಸ್ತಕದ ಸ್ಥಳನಾಮಗಳು ಬಡಗದವು ಇಲ್ಲವೇ ಇಂಗ್ಲಿಷಿನವು. ದಾರಿ ತೋರಿಸಿದವನೊಬ್ಬ, ಹೆಸರು ಹೇಳಿದವನಿನ್ನೊಬ್ಬ.

ಹಾಗಾಗಿ ನಕ್ಷೆಯ ಮೇಲಿನ ಬೆಟ್ಟ, ಹಟ್ಟಿ, ಹಳ್ಳಗಳು ಒಡೆತನದ ಸಾಕ್ಷ್ಯವಲ್ಲ, ಮಧ್ಯಸ್ಥಿಕೆಯ ಸಾಕ್ಷ್ಯ. ಬೆಟ್ಟದ ಸಮುದಾಯಗಳಲ್ಲಿ ಕೃಷಿ ಮತ್ತು ಕಂದಾಯದ ಮೂಲಕ ಸರ್ಕಾರದೊಡನೆ ಹೆಚ್ಚು ವ್ಯವಹರಿಸಿದವರು ಬಡಗರು. ಮೈಸೂರಿನಿಂದ, ಕೊಯಮತ್ತೂರಿನಿಂದ ಬಂದ ಸಿಬ್ಬಂದಿಗೆ ಸುಲಭವಾಗಿ ಎಟುಕುತ್ತಿದ್ದ ನುಡಿಯೂ ಅವರದೇ. 2011ರ ಜನಗಣತಿ ಸುಮಾರು 1 ಲಕ್ಷ 33 ಸಾವಿರ ಬಡಗ ಭಾಷಿಕರನ್ನು ಲೆಕ್ಕ ಹಾಕಿ, ಕನ್ನಡದ ಶೀರ್ಷಿಕೆಯಡಿ ಸೇರಿಸಿತು. ಬಡಗ ಸ್ವತಂತ್ರ ಭಾಷೆಯೆಂದು ವಾದಿಸುವವರು ಬಡಗರಲ್ಲಿಯೂ ಭಾಷಾವಿಜ್ಞಾನಿಗಳಲ್ಲಿಯೂ ಇದ್ದಾರೆ. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯನ್ ಪಿಲೋ-ರಾಯಚೂರ್ ಅವರ 1992ರ ನಿಘಂಟು ಅದನ್ನು ತನ್ನದೇ ನೆಲೆಯುಳ್ಳ ನುಡಿಯಾಗಿ ಕಾಣುತ್ತದೆ. ಜನಗಣತಿಯ ಕೋಷ್ಟಕವೂ ಒಂದು ಬಗೆಯ ಮೇಲುನೋಟದ ನಕ್ಷೆಯೇ. ಅದರ ಬಣ್ಣವನ್ನು ನಮ್ಮ ವಾದಕ್ಕೆ ಬಳಸಿಕೊಳ್ಳುವ ಮೊದಲು ಒಂದು ಗಳಿಗೆ ತಡೆಯಬೇಕೆನಿಸುತ್ತದೆ.

ಬೇಟೆಯ ನೋಟ ನೆಲವನ್ನು ಓದಿತು ಮಾತ್ರವಲ್ಲ, ಖಾಲಿಯೂ ಮಾಡಿತು. ಶೋಲಾಗಳ ನಡುವಿನ ಹುಲ್ಲು ತೋಡರ ಎಮ್ಮೆಗಳ ಮೇವು. ಇಂಗ್ಲಿಷ್ ಬರಹದಲ್ಲಿ ಅದು ಡೌನ್ಸ್ ಆಯಿತು. ದಕ್ಷಿಣ ಇಂಗ್ಲೆಂಡಿನ ಹುಲ್ಲುದಿಣ್ಣೆಗಳನ್ನು ನೆನಪಿಸುವ ಪದ. ಉದಕಮಂಡಲದ ಪಶ್ಚಿಮದ ವಿಶಾಲ ಹುಲ್ಲುಗಾವಲಿಗೆ ಮದರಾಸಿನ ಗವರ್ನರ್ ವೆನ್ಲಾಕ್‌ನ ಹೆಸರು ಬಂತು. ಕುದುರೆಯೇರಿ ಬೇಟೆನಾಯಿಗಳೊಡನೆ ನರಿಯನ್ನು ಅಟ್ಟುವ ಆಟಕ್ಕೆ ಅದು ಕಣವಾಯಿತು. ಜಕ್ಕತಲೆಯ ಮಗ್ಗುಲಲ್ಲಿ ಎದ್ದ ದಂಡಿನ ನೆಲೆ 1860ರ ಹೊತ್ತಿಗೆ ವೆಲ್ಲಿಂಗ್ಟನ್. ಗವರ್ನರನ ಶೋಲಾ, ಲಾಂಗ್‌ವುಡ್ ಶೋಲಾ. ಇಂಥ ಹೆಸರುಗಳನ್ನು ಪಟ್ಟಿ ಮಾಡುವುದು ಸುಲಭ, ಬೇಸರದ ಕೆಲಸವೂ ಹೌದು. ಹಾಗಾಗಿ ಇಷ್ಟಕ್ಕೇ ಬಿಡುತ್ತೇನೆ.

1877ರಲ್ಲಿ ನೀಲಗಿರಿ ಗೇಮ್ ಅಸೋಸಿಯೇಷನ್ ಸ್ಥಾಪನೆಯಾಯಿತು. 1879ರಲ್ಲಿ ನೀಲಗಿರಿಯ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಯ ಕಾಯಿದೆ ಬಂತು. ನಿಷಿದ್ಧ ಋತು, ಪರವಾನಗಿ, ದಂಡ, ಎಲ್ಲವೂ ಕಾನೂನಿನ ಚೌಕಟ್ಟಿಗೆ ಬಂದವು. ಐಬೆಕ್ಸ್, ಜಂಗಲ್ ಶೀಪ್ ಎಂಬ ಹೆಸರುಗಳು ಹೀಗೆ ಶಾಸನದ ಪದಗಳಾದುವು. ಪ್ರಾಣಿಸಂಖ್ಯೆ ಕುಸಿದದ್ದು ನಿಜ. ರಕ್ಷಣೆ ಇಲ್ಲದಿದ್ದರೆ ಬೆಟ್ಟದ ಮೇಕೆ ಉಳಿಯುತ್ತಿರಲಿಲ್ಲವೇನೋ. ಆದರೆ ಅಂದಿನ ಬೇಟೆ ಬರಹಗಳಲ್ಲಿ ಕುಸಿತದ ಹೊಣೆ ಹೆಚ್ಚಾಗಿ ಬೀಳುವುದು ಮಾಂಸಕ್ಕಾಗಿ ಕೊಲ್ಲುವ ದೇಶೀಯನ ಮೇಲೆ. ಒಂದೇ ಋತುವಿನಲ್ಲಿ ಕೊಂದ ಕೊಂಬುಗಳ ಉದ್ದವನ್ನು ಅಂಗುಲಗಳಲ್ಲಿ ಬರೆದಿಟ್ಟವನ ಮೇಲಲ್ಲ.

ನಿಜವಾದ ಅರ್ಥದಲ್ಲಿ ಆಕಾಶದಿಂದ ಕಾಡನ್ನು ಅಳೆಯುವ ಕೆಲಸ ಬ್ರಿಟಿಷ್ ಭಾರತದಲ್ಲಿ ಆರಂಭವಾದದ್ದು ಇಲ್ಲಿಂದ ದೂರದಲ್ಲಿ: 1924ರಲ್ಲಿ ಬರ್ಮಾದ ಐರಾವತಿ ಮುಖಜಭೂಮಿಯ ಕಾಡುಗಳನ್ನು ವಿಮಾನದಿಂದ ಚಿತ್ರಿಸಲಾಯಿತು. ನೀಲಗಿರಿಯ ಮಟ್ಟಿಗೆ ಹೆಚ್ಚು ಅರ್ಥಪೂರ್ಣವಾದ ವರ್ಷ 1972. ಆ ಜುಲೈ 23ರಂದು ಅಮೆರಿಕ ಭೂವೀಕ್ಷಣೆಗಾಗಿ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು. ಸೆಪ್ಟೆಂಬರ್ 9ರಂದು ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, ಬೇಟೆಯ ಯುಗಕ್ಕೆ ಕಾನೂನಿನ ತೆರೆ ಎಳೆಯಿತು. ಎರಡು ತಿಂಗಳೊಳಗೆ ಕಣ್ಣು ಆಕಾಶಕ್ಕೇರಿತು, ಕೋವಿ ಕೆಳಗಿಳಿಯಿತು. ಕಾಕತಾಳೀಯವೇ ಸರಿ. ಆದರೂ ಹುಲ್ಲು ಮತ್ತು ಶೋಲಾಗಳ ನಡುವಿನ ಗೆರೆಯನ್ನು ಮೇಲಿನಿಂದ ಓದುವ ಕೆಲಸ ಬೇಟೆಗಾರನಿಂದ ಜೀವವಿಜ್ಞಾನಿಗೆ ಕೈ ಬದಲಾಯಿಸಿದ್ದು ಆ ನಂತರವೇ.

ಆ ಮೊದಲ ಉಪಗ್ರಹದ ಚಿತ್ರದಲ್ಲಿ ಸುಮಾರು 80 ಮೀಟರಿಗಿಂತ ಕಿರಿದಾದುದೇನೂ ಕಾಣುತ್ತಿರಲಿಲ್ಲ. ಕಡವೆ ಕಾಣದು, ಅಂಚು ಕಾಣುತ್ತದೆ. ಅಂದಿನ ಚಿತ್ರದ ಪಕ್ಕದಲ್ಲಿ ಇಂದಿನದನ್ನಿಟ್ಟರೆ ಅಂಚುಗಳು ಕರಗುತ್ತಿರುವುದು ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯದಿಂದ ತಂದ ವಾಟಲ್ ಮತ್ತು ನೀಲಗಿರಿ ಮರಗಳು, ಅದರಲ್ಲೂ ಇಪ್ಪತ್ತನೆಯ ಶತಮಾನದ ನಡುಭಾಗದ ದೊಡ್ಡ ನೆಡುತೋಪುಗಳ ನಂತರ, ಹುಲ್ಲನ್ನು ನುಂಗುತ್ತ ಹೋದುವು. ಕುಂದಾ ಜಲವಿದ್ಯುತ್ ಯೋಜನೆಯ ಜಲಾಶಯಗಳಲ್ಲಿ ಕಣಿವೆಗಳು ಮುಳುಗಿದುವು. ನೀಲಗಿರಿ ಮರ ಎಂದು ನಾವು ಕನ್ನಡದಲ್ಲಿ ಕರೆಯುವುದು ನೀಲಗಿರಿಗೆ ಸೇರದ ಮರವನ್ನು. ಎಲ್ಕ್ ಹಿಲ್ ಎಂದವರನ್ನು ನಗುವ ಮುಂಚೆ ಇದನ್ನೂ ನೆನೆಯಬೇಕು. 1990ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮುಕುರ್ತಿಯಲ್ಲಿ ಉಳಿದಿರುವ ಹುಲ್ಲುಗುಡ್ಡಗಳು ಹಳೆಯ ಬೇಟೆ ಬರಹಗಳ ಭೂದೃಶ್ಯದ ಒಂದು ತುಣುಕು. ಅಲ್ಲಿನ ಬಂಗಿ ಟಪ್ಪಾಲು ಎಂಬ ಜಾಗದ ಹೆಸರಿನಲ್ಲಿ ಮಾತ್ರ, ಭಂಗಿ ಸಾಗಿಸುವವರ ಹಳೆಯ ಕಾಲುದಾರಿಯೊಂದು ಇನ್ನೂ ಇದೆಯೆಂದು ಜನ ವಿವರಿಸುತ್ತಾರೆ. ಟಪ್ಪಾಲು ಎಂಬ ಮಾತನ್ನು ಅಂಚೆಗೆ ಬಳಸುವ ಕೊನೆಯ ತಲೆಮಾರು ನಮ್ಮ ಕಡೆಯೂ ಮರೆಯಾಗುತ್ತಿದೆ.

ಕಳೆದ ಚಳಿಗಾಲದಲ್ಲಿ ಕುಂದೆ ಸೀಮೆಯ ಹಟ್ಟಿಯೊಂದರಲ್ಲಿ, ಎಂಬತ್ತರ ಗಡಿ ದಾಟಿದ ಹಿರಿಯರೊಬ್ಬರಿಗೆ ನನ್ನ ಫೋನಿನಲ್ಲಿದ್ದ ಉಪಗ್ರಹ ಚಿತ್ರವನ್ನು ತೋರಿಸಿದೆ. ಅವರ ಬಡಗ, ನನ್ನ ಕನ್ನಡ. ನಡುವೆ ಆಗಾಗ ತಮಿಳು. ಅವರು ಮೊದಲು ಗುಡಿಯ ಮಾಡನ್ನು ಹುಡುಕಿದರು. ಆಮೇಲೆ ಹಳ್ಳ. ಆಮೇಲೆ ಫೋನನ್ನು ತಿರುಗಿಸಿ ತಲೆಕೆಳಗಾಗಿ ಹಿಡಿದರು. ಅವರ ಮನೆಯ ಬಾಗಿಲಿಗೆ ಎದುರಾಗಿರುವುದು ದಕ್ಷಿಣ, ಉತ್ತರವನ್ನು ಮೇಲಿಡುವ ಕಟ್ಟಳೆ ಅವರದಲ್ಲ. ತಮ್ಮ ಹುಡುಗತನದಲ್ಲಿ ಹುಲ್ಲಾಗಿದ್ದ ಒಂದು ಇಳಿಜಾರು ಚಿತ್ರದಲ್ಲಿ ಕಪ್ಪಾಗಿದ್ದುದನ್ನು ಬೆರಳಿನಿಂದ ಉಜ್ಜಿ ನೋಡಿದರು. ಪರದೆಯ ಮೇಲೆ ಅಲ್ಲಿ ಹೆಸರೇನೂ ಇರಲಿಲ್ಲ. ಅವರು ಒಂದು ಹೆಸರು ಹೇಳಿದರು, ನಾನು ಬರೆದುಕೊಂಡೆ. ಎಮ್ಮೆ ಮೇಯಿಸುತ್ತಿದ್ದ ತೋಡರು ಅದಕ್ಕೆ ಬೇರೆ ಹೆಸರು ಹೇಳುತ್ತಿದ್ದರು, ತಮಗೆ ಅದು ಸರಿಯಾಗಿ ಉಚ್ಚರಿಸಲು ಬರುತ್ತಿರಲಿಲ್ಲ, ಮೇಲಿನ ಮಂದಿನಲ್ಲಿ ಕೇಳಿ ಅದನ್ನೂ ಬರೆದುಕೊಳ್ಳಿ ಎಂದು ಅವರೇ ಸೇರಿಸಿದರು.